ಐವತ್ತು ಕ್ಷಣ, ಇಪ್ಪತ್ನಾಲ್ಕು ಚಿತ್ರ

ತೊಂಬತ್ತರ ದಶಕದ ಯಾವುದಾದರೂ ಮದುವೆಯ ವಿಡಿಯೊ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಗಟ್ಟಿಮೇಳದ ಹೊತ್ತಿಗೆ ಸರಿಯಾಗಿ ನಿಲ್ಲಿಸಿ ನೋಡಿ. ಮಂಟಪದ ಕಂಬ, ಹಿಂದಿನ ಪರದೆ, ಕುರ್ಚಿಯಲ್ಲಿ ಕೂತ ಹಿರಿಯರ ಮುಖ ಎಲ್ಲವೂ ನೆಟ್ಟಗಿರುತ್ತವೆ. ಅಲುಗಾಡುವ ವಸ್ತುಗಳಲ್ಲಿ ಮಾತ್ರ ಏನೋ ಎಡವಟ್ಟು. ಅಕ್ಷತೆ ಎರಚಲು ಎತ್ತಿದ ಕೈಯ ಅಂಚು ಬಾಚಣಿಗೆಯ ಹಲ್ಲಿನಂತೆ ಅಡ್ಡಡ್ಡ ಸೀಳಿಕೊಂಡಿರುತ್ತದೆ. ಡೋಲಿನ ಕೋಲು ಎರಡೆರಡು ಕಾಣುತ್ತದೆ. ಕ್ಯಾಸೆಟ್ಟು ಹಾಳಾಗಿದೆ ಎಂದೇ ಬಹಳ ಮಂದಿ ತಿಳಿಯುತ್ತಾರೆ. ಕ್ಯಾಸೆಟ್ಟಿಗೆ ಏನೂ ಆಗಿಲ್ಲ. ಬೇರೆ ಬೇರೆ ಗಳಿಗೆಯಲ್ಲಿ ಕಂಡ ಎರಡು ನೋಟಗಳನ್ನು ಕಂಪ್ಯೂಟರು ಒಂದೇ ಚಿತ್ರವೆಂದು ತೋರಿಸುತ್ತಿದೆ, ಅಷ್ಟೆ.

ಇಂಥ ವಿಡಿಯೊವನ್ನು ಸರಿಪಡಿಸಲು ಹೊರಟವರಲ್ಲಿ ಹಲವರಿಗೆ ಇನ್ನೊಂದು ಆಸೆಯೂ ಇರುತ್ತದೆ: ಹೇಗೂ ಕೈಹಾಕಿದ್ದೇವೆ, ಸೆಕೆಂಡಿಗೆ 24 ಚಿತ್ರ ಮಾಡಿ ಸಿನಿಮಾದ ಹಾಗೆ ಕಾಣಿಸೋಣ. ಒಂದೇ ಗುಂಡಿ ಒತ್ತಿ ಎರಡನ್ನೂ ಮಾಡಿಕೊಡುವ ತಂತ್ರಾಂಶಗಳೂ ಇವೆ. ಆದರೆ ಇವು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕೆಲಸಗಳು. ಮೊದಲನೆಯದರಲ್ಲಿ, ಕ್ಯಾಮೆರಾ ನೋಡದೇ ಇದ್ದುದನ್ನು ನಾವು ಊಹಿಸಿ ತುಂಬುತ್ತೇವೆ. ಎರಡನೆಯದರಲ್ಲಿ, ಕ್ಯಾಮೆರಾ ನಿಜವಾಗಿ ನೋಡಿದ್ದನ್ನು ನಾವು ತೆಗೆದುಹಾಕುತ್ತೇವೆ. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ, ಯಾವುದನ್ನು ಯಾವಾಗ ಮಾಡಬೇಕು, ಯಾವುದನ್ನು ಮಾಡಲೇಬಾರದು ಎಂಬುದು ತಾನಾಗಿ ತಿಳಿಯುತ್ತದೆ.

ಮಿಣುಕನ್ನು ಗೆದ್ದ ಉಪಾಯ

ಸಿನಿಮಾ ಸೆಕೆಂಡಿಗೆ 24 ಚಿತ್ರಕ್ಕೆ ಬಂದು ನಿಂತದ್ದು ಮಾತು ಬಂದ ಮೇಲೆ, 1920ರ ದಶಕದ ಕೊನೆಯಲ್ಲಿ. ಮೂಕಿ ಚಿತ್ರಗಳ ಕಾಲದಲ್ಲಿ ಕೈಯಿಂದ ತಿರುಗಿಸುವ ಕ್ಯಾಮೆರಾದ ವೇಗ ಹೆಚ್ಚುಕಡಿಮೆಯಾದರೂ ನಡೆಯುತ್ತಿತ್ತು. ಧ್ವನಿ ಫಿಲ್ಮಿನ ಮೇಲೆಯೇ ಕೂತಾಗ ವೇಗ ಕದಲುವಂತಿರಲಿಲ್ಲ; ಕದಲಿದರೆ ಶ್ರುತಿಯೂ ಕದಲುತ್ತದೆ. ಧ್ವನಿ ಕೇಳುವಷ್ಟು ಚೆನ್ನಾಗಿರಬೇಕು, ಫಿಲ್ಮಿನ ಖರ್ಚೂ ಕೈಮೀರಬಾರದು, ಈ ಎರಡರ ನಡುವಿನ ರಾಜಿ 24.

ಆದರೆ ಸೆಕೆಂಡಿಗೆ 24 ಸಲ ಬೆಳಕು ಬಂದು ಹೋದರೆ ಕಣ್ಣಿಗೆ ಮಿಣುಕುತ್ತದೆ. ಪ್ರೊಜೆಕ್ಟರಿನಲ್ಲಿ ಇದಕ್ಕೆ ಸುಲಭದ ಪರಿಹಾರವಿತ್ತು. ಫಿಲ್ಮು ದೀಪದ ಮುಂದೆ ನಿಂತಿರುವಾಗಲೇ ಶಟರಿನ ಅಲಗು ಇನ್ನೊಮ್ಮೆ ಅಡ್ಡ ಬಂದು ಹೋಗುತ್ತದೆ. ಒಂದೇ ಚಿತ್ರ ಎರಡು ಸಲ, ಕೆಲವು ಯಂತ್ರಗಳಲ್ಲಿ ಮೂರು ಸಲ ಬೆಳಗುತ್ತದೆ. ಚಿತ್ರಗಳು 24 ಆದರೂ ಬೆಳಗುವುದು 48 ಅಥವಾ 72 ಸಲ.

ಟಿವಿಗೆ ಈ ಅನುಕೂಲ ಇರಲಿಲ್ಲ. ಬಂದ ಚಿತ್ರವನ್ನು ಹಿಡಿದಿಟ್ಟುಕೊಂಡು ಎರಡನೆಯ ಸಲ ತೋರಿಸಲು 1930ರ ದಶಕದ ಟಿವಿ ಪೆಟ್ಟಿಗೆಯಲ್ಲಿ ಸ್ಮೃತಿ ಎಂಬುದೇ ಇಲ್ಲ. ಸೆಕೆಂಡಿಗೆ 50 ಪೂರ್ಣ ಚಿತ್ರಗಳನ್ನೇ ಕಳಿಸೋಣವೆಂದರೆ ಪ್ರಸಾರಕ್ಕೆ ಎರಡು ಪಟ್ಟು ಬ್ಯಾಂಡ್‌ವಿಡ್ತ್ ಬೇಕು. ಈ ಇಕ್ಕಟ್ಟಿನಿಂದ ದಾರಿ ತೋರಿದವರು ಜರ್ಮನಿಯ ಟೆಲಿಫುಂಕೆನ್ ಕಂಪನಿಯ ಫ್ರಿಟ್ಸ್ ಶ್ರೋಟರ್. 1930ರಲ್ಲಿ ಅವರು ಪೇಟೆಂಟ್ ಕೋರಿದರು. ಅಮೆರಿಕದ ಆರ್‌ಸಿಎ ಕಂಪನಿಯಲ್ಲಿ ರ‍್ಯಾಂಡಲ್ ಬಲಾರ್ಡ್ 1932ರಲ್ಲಿ ಅದೇ ದಿಕ್ಕಿನಲ್ಲಿ ಕೆಲಸ ಮಾಡಿದರು. ಉಪಾಯ ಹೀಗೆ: ಚಿತ್ರದ ಗೆರೆಗಳಲ್ಲಿ ಮೊದಲು 1, 3, 5 ಎಂದು ಬೆಸ ಗೆರೆಗಳನ್ನಷ್ಟೇ ಎಳೆಯುವುದು, ಮೇಲಿನಿಂದ ಕೆಳಗೆ ಬಂದು ಮುಟ್ಟಿದ ಮೇಲೆ, ಬಿಟ್ಟುಹೋದ 2, 4, 6ರ ಜಾಗಗಳನ್ನು ತುಂಬುವುದು. ಒಂದೊಂದು ಸುತ್ತಿಗೆ ಫೀಲ್ಡ್ ಎಂದು ಹೆಸರು. ಪರದೆ ಸೆಕೆಂಡಿಗೆ 50 ಸಲ ಬೆಳಗುತ್ತದೆ. ಕಳಿಸಬೇಕಾದ ಗೆರೆಗಳು 25 ಪೂರ್ಣ ಚಿತ್ರಗಳಷ್ಟೇ. ಇದೇ ಇಂಟರ್‌ಲೇಸ್ ವಿಧಾನ. ಎಲ್ಲ ಗೆರೆಗಳನ್ನೂ ಒಂದೇ ಸುತ್ತಿನಲ್ಲಿ ಸಾಲಾಗಿ ಎಳೆಯುವುದು ಪ್ರೊಗ್ರೆಸಿವ್.

ಈ ಎರಡು ಪದ್ಧತಿಗಳಿಗೆ ನೇರ ಪೈಪೋಟಿಯೇ ನಡೆದದ್ದುಂಟು. 1936ರ ನವೆಂಬರ್ 2ರಂದು ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೆಸ್‌ನಿಂದ ಬಿಬಿಸಿ ಟಿವಿ ಪ್ರಸಾರ ಆರಂಭಿಸಿದಾಗ, ಜಾನ್ ಲೋಗಿ ಬೇರ್ಡ್ ಅವರ 240 ಗೆರೆಗಳ ಪ್ರೊಗ್ರೆಸಿವ್ ಪದ್ಧತಿಯನ್ನೂ ಮಾರ್ಕೊನಿ-ಇಎಂಐನ 405 ಗೆರೆಗಳ ಇಂಟರ್‌ಲೇಸ್ ಪದ್ಧತಿಯನ್ನೂ ಒಂದು ವಾರ ಬಿಟ್ಟು ಒಂದು ವಾರ ಬಳಸಿತು. ಬೇರ್ಡ್ ಪದ್ಧತಿ ಸೆಕೆಂಡಿಗೆ 25 ಸಲ ಮಾತ್ರ ಬೆಳಗುತ್ತಿದ್ದುದರಿಂದ ಮಿಣುಕು ಎದ್ದು ಕಾಣುತ್ತಿತ್ತು. 1937ರ ಆರಂಭದಲ್ಲೇ ಅದನ್ನು ಕೈಬಿಟ್ಟರು. ಆಮೇಲೆ ಜಗತ್ತಿನ ಟಿವಿಯೆಲ್ಲ ಇಂಟರ್‌ಲೇಸ್ ಹಾದಿಯನ್ನೇ ಹಿಡಿಯಿತು. ಫೀಲ್ಡುಗಳ ವೇಗ ಆಯಾ ದೇಶದ ವಿದ್ಯುತ್ತಿನ ಆವರ್ತನವನ್ನು ಅನುಸರಿಸಿತು: ಯುರೋಪಿನಲ್ಲಿ 50, ಅಮೆರಿಕದಲ್ಲಿ 60. ಭಾರತದ ವಿದ್ಯುತ್ತು 50 ಹರ್ಟ್ಸ್. ನಮ್ಮ ಟಿವಿಯೂ 625 ಗೆರೆ, 50 ಫೀಲ್ಡ್. 1982ರಲ್ಲಿ ಬಣ್ಣ ಬಂದಾಗ ಪಾಲ್ ಪದ್ಧತಿ ಬಂತು. 625ರಲ್ಲಿ ಪರದೆಯ ಮೇಲೆ ಕಾಣುವುದು 576 ಗೆರೆ. ಒಂದು ಫೀಲ್ಡಿಗೆ 288.

ಟೇಪಿನ ಮೇಲೆ ಏನಿದೆ

ವಿಎಚ್‌ಎಸ್ ಡೆಕ್ಕಿನ ಮುಚ್ಚಳ ತೆಗೆದರೆ ಓರೆಯಾಗಿ ಕೂತ ಒಂದು ಹೊಳೆಯುವ ಡ್ರಮ್ ಕಾಣುತ್ತದೆ. ಪಾಲ್ ಯಂತ್ರದಲ್ಲಿ ಅದು ನಿಮಿಷಕ್ಕೆ 1500 ಸಲ, ಅಂದರೆ ಸೆಕೆಂಡಿಗೆ 25 ಸಲ ತಿರುಗುತ್ತದೆ. ಅದರ ಎದುರುಬದುರು ಅಂಚಿನಲ್ಲಿ ಎರಡು ಹೆಡ್‌ಗಳು. ಡ್ರಮ್ ಅರ್ಧ ಸುತ್ತುವಷ್ಟರಲ್ಲಿ ಒಂದು ಹೆಡ್ ಟೇಪನ್ನು ಓರೆಯಾಗಿ ಸವರಿ ಹೋಗುತ್ತದೆ; ಮುಂದಿನ ಅರ್ಧ ಸುತ್ತಿನಲ್ಲಿ ಇನ್ನೊಂದರ ಸರದಿ. ಹೀಗೆ ಸವರಿದ ಒಂದೊಂದು ಓರೆ ಜಾಡಿನಲ್ಲಿ ಒಂದೊಂದು ಫೀಲ್ಡ್ ಇರುತ್ತದೆ. ಪೂರ್ಣ ಫ್ರೇಮ್ ಎಂಬುದು ಟೇಪಿನ ಮೇಲೆ ಎಲ್ಲಿಯೂ ಇಲ್ಲ. ಎರಡು ಫೀಲ್ಡುಗಳನ್ನು ಜೋಡಿಸಿ ಫ್ರೇಮ್ ಎಂದು ಕರೆಯುವುದು ಕಂಪ್ಯೂಟರಿಗೆ ಇಳಿಸಿಕೊಳ್ಳುವಾಗ ನಾವು ಮಾಡಿಕೊಂಡ ಏರ್ಪಾಡು.

ಕ್ಯಾಮೆರಾದಲ್ಲಿಯೂ ಹೀಗೆಯೇ. ಎರಡನೆಯ ಫೀಲ್ಡನ್ನು ಅದು ಮೊದಲನೆಯದರ 20 ಮಿಲಿಸೆಕೆಂಡ್ ನಂತರ ಹೊಸದಾಗಿ ನೋಡಿ ಬರೆದುಕೊಳ್ಳುತ್ತದೆ. ಅಷ್ಟರಲ್ಲಿ ಲೋಕ ಮುಂದೆ ಹೋಗಿರುತ್ತದೆ. ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹಾರುವ ಅಕ್ಷತೆಯ ಕಾಳು 20 ಮಿಲಿಸೆಕೆಂಡಿನಲ್ಲಿ 4 ಸೆಂಟಿಮೀಟರ್ ಸರಿಯುತ್ತದೆ. ಬೆಸ ಗೆರೆಗಳಲ್ಲಿ ಒಂದು ಕಡೆ ಇದ್ದ ಕಾಳು ಸಮ ಗೆರೆಗಳಲ್ಲಿ 4 ಸೆಂಟಿಮೀಟರ್ ಆಚೆ ಇರುತ್ತದೆ. ಎರಡನ್ನೂ ಹೆಣೆದು ಒಂದೇ ಚಿತ್ರ ಮಾಡಿದರೆ ಕಾಳು ಎರಡಾಗುತ್ತದೆ, ಕೈಯ ಅಂಚು ಸೀಳುತ್ತದೆ. ಹಳೆಯ ಪಿಕ್ಚರ್ ಟ್ಯೂಬಿನ ಟಿವಿಯಲ್ಲಿ ಇದು ಕಾಣುತ್ತಿರಲಿಲ್ಲ. ಟ್ಯೂಬು ಫೀಲ್ಡುಗಳನ್ನು ಬಂದ ಕ್ರಮದಲ್ಲೇ ಒಂದಾದ ಮೇಲೊಂದು ಎಳೆಯುತ್ತಿತ್ತು; ಎರಡನೆಯದು ಬರುವ ಹೊತ್ತಿಗೆ ಮೊದಲನೆಯದರ ಬೆಳಕು ಬಹುಪಾಲು ಆರಿರುತ್ತಿತ್ತು. ಇಂದಿನ ಎಲ್‌ಸಿಡಿ ಪರದೆ ಎಲ್ಲ ಗೆರೆಗಳನ್ನೂ ಒಟ್ಟಿಗೆ ಹಿಡಿದು ನಿಲ್ಲಿಸುತ್ತದೆ.

ಟ್ಯೂಬಿನ ಟಿವಿಯಲ್ಲಿಯೂ ಇಂಟರ್‌ಲೇಸ್ ಒಂದು ಗುರುತನ್ನು ಬಿಟ್ಟುಕೊಡುತ್ತಿತ್ತು. ಇಳಕಲ್ ಸೀರೆಯ ಸಣ್ಣ ಚೌಕಳಿ ಪರದೆಯ ಮೇಲೆ ಸುಮ್ಮನೆ ಮಿರಮಿರನೆ ನಡುಗುತ್ತಿದ್ದುದನ್ನು ನೋಡಿದವರಿಗೆ ನೆನಪಿರಬಹುದು. ಒಂದೇ ಗೆರೆಯಷ್ಟು ತೆಳುವಾದ ಪಟ್ಟಿ ಒಂದು ಫೀಲ್ಡಿನಲ್ಲಿದ್ದು ಇನ್ನೊಂದರಲ್ಲಿ ಇರುವುದಿಲ್ಲ. ಪರದೆ 50 ಸಲ ಬೆಳಗಿದರೂ ಆ ಪಟ್ಟಿ ಬೆಳಗುವುದು 25 ಸಲ ಮಾತ್ರ. ಇಡೀ ಪರದೆಯ ಮಿಣುಕನ್ನು ಓಡಿಸಿದ ಉಪಾಯ, ಸೂಕ್ಷ್ಮ ವಿವರಗಳಲ್ಲಿ ಅದನ್ನು ಹಾಗೆಯೇ ಉಳಿಸಿತ್ತು.

ಇಲ್ಲದ ಗೆರೆಗಳನ್ನು ತುಂಬುವುದು

ಇಂಟರ್‌ಲೇಸ್ ವಿಡಿಯೊವನ್ನು ಪ್ರೊಗ್ರೆಸಿವ್ ಮಾಡುವುದೆಂದರೆ, 288 ಗೆರೆಗಳ ಪ್ರತಿ ಫೀಲ್ಡಿಗೂ ಅದು ನೋಡದ ಇನ್ನು 288 ಗೆರೆಗಳನ್ನು ಒದಗಿಸುವುದು. ಇದಕ್ಕೆ ಡಿಇಂಟರ್‌ಲೇಸಿಂಗ್ ಎನ್ನುತ್ತಾರೆ.

ಪಕ್ಕದ ಫೀಲ್ಡಿನ ಗೆರೆಗಳನ್ನು ಹಾಗೆಯೇ ಎರವಲು ತರುವುದು ಒಂದು ದಾರಿ. ನಿಂತ ಕಂಬಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ, ಏಕೆಂದರೆ ತಂದ ಗೆರೆಗಳು ನಿಜವಾದವು. ಬೀಸುವ ಕೈಗೆ ಇದೇ ಸೀಳು ತರುತ್ತದೆ. ಅದೇ ಫೀಲ್ಡಿನ ಮೇಲಿನ ಮತ್ತು ಕೆಳಗಿನ ಗೆರೆಗಳ ಸರಾಸರಿ ತೆಗೆದು ನಡುವಿನದನ್ನು ಊಹಿಸುವುದು ಇನ್ನೊಂದು ದಾರಿ. ಕೈ ಸರಿಹೋಗುತ್ತದೆ, ಆದರೆ ಕಂಬದ ಕೆತ್ತನೆ ಮಸುಕಾಗುತ್ತದೆ, ಸೀರೆಯ ಅಂಚು ಮೇಲೆ ಕೆಳಗೆ ಕುಣಿಯುತ್ತದೆ. ಎರಡು ಫೀಲ್ಡುಗಳನ್ನು ಒಂದರ ಮೇಲೊಂದು ಕಲಸಿಬಿಡುವುದು ಮೂರನೆಯ ದಾರಿ. ಸೀಳೂ ಹೋಗುತ್ತದೆ, ಕುಣಿತವೂ ಹೋಗುತ್ತದೆ. ಅದರ ಬದಲು ಚಲಿಸುವ ಪ್ರತಿಯೊಂದಕ್ಕೂ ಒಂದು ನೆರಳು ಅಂಟಿಕೊಳ್ಳುತ್ತದೆ. ಮೊದಲ ಎರಡರಲ್ಲಿ ಆದ ತಪ್ಪನ್ನು ಆಮೇಲೆ ತಿದ್ದಬಹುದು, ಏಕೆಂದರೆ ಮೂಲ ಗೆರೆಗಳು ಒಳಗೇ ಉಳಿದಿರುತ್ತವೆ. ಕಲಸಿದ್ದನ್ನು ಬಿಡಿಸುವುದು ಬಹುಪಾಲು ಆಗದ ಕೆಲಸ. ಬೆಂಗಳೂರಿನ ಮದುವೆಯ ಕ್ಯಾಸೆಟ್ಟು ಅಮೆರಿಕದಲ್ಲಿದ್ದ ಮಗಳ ಮನೆಗೆ ಹೋದಾಗ, ಅಲ್ಲಿಯ 60 ಫೀಲ್ಡಿನ ಡೆಕ್ಕಿನಲ್ಲಿ ಅದು ಓಡದೆ, ಅಂಗಡಿಯಲ್ಲಿ ಕೊಟ್ಟು ಬದಲಾಯಿಸಿಕೊಂಡವರುಂಟು. ಅಂಥ ಎಷ್ಟೋ ಪ್ರತಿಗಳಲ್ಲಿ ಫೀಲ್ಡುಗಳು ಹೀಗೆಯೇ ಕಲಸಿಹೋಗಿವೆ. ಆ ಕುಟುಂಬಗಳು ಹುಡುಕಬೇಕಾದದ್ದು ಊರಿನ ಮನೆಯ ಅಟ್ಟದಲ್ಲಿರುವ ಮೂಲ ಪಾಲ್ ಕ್ಯಾಸೆಟ್ಟನ್ನು.

ಒಳ್ಳೆಯ ವಿಧಾನಗಳು ಚಿತ್ರದ ಒಂದೊಂದು ಚುಕ್ಕಿಯಲ್ಲೂ ಪ್ರಶ್ನೆ ಕೇಳುತ್ತವೆ: ಇಲ್ಲಿ ಏನಾದರೂ ಅಲುಗಾಡಿದೆಯೇ? ಇಲ್ಲವಾದರೆ ಪಕ್ಕದ ಫೀಲ್ಡಿನಿಂದ ಎರವಲು. ಹೌದಾದರೆ ತನ್ನದೇ ಗೆರೆಗಳಿಂದ ಊಹೆ. ಎಫ್‌ಎಫ್‌ಎಂಪೆಗ್ ತಂತ್ರಾಂಶದಲ್ಲಿರುವ ಯಾಡಿಫ್ ಎಂಬ ಜನಪ್ರಿಯ ಫಿಲ್ಟರ್ ಈ ಜಾತಿಯದು. ಬಿಬಿಸಿಯ ಸಂಶೋಧನಾ ವಿಭಾಗಕ್ಕಾಗಿ ಮಾರ್ಟಿನ್ ವೆಸ್ಟನ್ ರೂಪಿಸಿದ ವಿಧಾನ ಬೇರೆ ಬಗೆಯದು. ಅಲುಗಾಟವನ್ನು ಪತ್ತೆಹಚ್ಚಲು ಹೋಗದೆ, ಒಟ್ಟು ಆಕಾರವನ್ನು ತನ್ನ ಫೀಲ್ಡಿನಿಂದಲೂ ಸೂಕ್ಷ್ಮ ವಿವರವನ್ನು ಹಿಂದಿನ ಮುಂದಿನ ಫೀಲ್ಡುಗಳಿಂದಲೂ ಅದು ತೆಗೆದುಕೊಳ್ಳುತ್ತದೆ. ಇನ್ನೂ ಮುಂದೆ ಹೋದವು ಚಲನೆಯನ್ನು ಬೆನ್ನಟ್ಟುವ ವಿಧಾನಗಳು. ಕೈ ಹಿಂದಿನ ಫೀಲ್ಡಿನಲ್ಲಿ ಎಲ್ಲಿತ್ತು, ಮುಂದಿನದರಲ್ಲಿ ಎಲ್ಲಿದೆ ಎಂದು ಲೆಕ್ಕ ಹಾಕಿ, ಆ ಗೆರೆಗಳನ್ನು ಸರಿಸಿ ತಂದು ಇಲ್ಲಿ ಕೂರಿಸುತ್ತವೆ. ಹಳೆಯ ಕ್ಯಾಸೆಟ್ಟುಗಳ ಕೆಲಸ ಮಾಡುವವರು ಮೆಚ್ಚುವ ಕ್ಯೂಟಿಜಿಎಂಸಿ ಹೀಗೆ ಮಾಡುತ್ತದೆ. ನಿಧಾನ, ಆದರೆ ಫಲಿತಾಂಶ ಸೊಗಸು.

ಆದರೂ ಅಕ್ಷತೆಯ ಮುಂದೆ ಇವೆಲ್ಲ ತಡವರಿಸುತ್ತವೆ. ಕಾಳು ಒಂದೆರಡು ಗೆರೆಯಷ್ಟೇ ದೊಡ್ಡದು. ನೂರಾರು ಕಾಳುಗಳು ಒಂದೇ ತೆರ, ಒಂದೊಂದೂ ಬೇರೆ ದಿಕ್ಕಿಗೆ. ಹಿಂದಿನ ಫೀಲ್ಡಿನ ಯಾವ ಕಾಳು ಮುಂದಿನ ಫೀಲ್ಡಿನ ಯಾವ ಕಾಳಾಯಿತೆಂದು ಹೇಳಲು ಗುರುತೇ ಇಲ್ಲ. ಗೆರೆಗಳ ನಡುವಿನ ಖಾಲಿಯಲ್ಲಿ ಬಿದ್ದ ಕಾಳಿನ ಸುಳಿವು ಆ ಫೀಲ್ಡಿನಲ್ಲಿ ಸಿಗುವುದೇ ಕಷ್ಟ. ಹಾಗಾಗಿ ಸಂಸ್ಕರಿಸಿದ ವಿಡಿಯೊದಲ್ಲಿ ಕೆಲವು ಕಾಳುಗಳು ಗಾಳಿಯಲ್ಲೇ ಮಾಯವಾಗಿ ಮತ್ತೆಲ್ಲೋ ಹುಟ್ಟುತ್ತವೆ. ಊಹೆಗೆ ಇರುವ ಮಿತಿ ಇಲ್ಲಿ ಕಣ್ಣಾರೆ ಕಾಣುತ್ತದೆ.

24ರ ಕಡೆಗೆ

ಗೆರೆಗಳು ತುಂಬಿದ ಮೇಲೆ ನಮ್ಮ ಕೈಯಲ್ಲಿರುವುದು ಸೆಕೆಂಡಿಗೆ 50 ಪೂರ್ಣ ಚಿತ್ರ. ಇದರಿಂದ ಸಿನಿಮಾದ ನಡೆ ತರುವುದು ಪಾಲ್ ದೇಶಗಳಲ್ಲಿ ಆಶ್ಚರ್ಯವೆನ್ನುವಷ್ಟು ಸುಲಭ. ಸಿನಿಮಾ ಕ್ಯಾಮೆರಾದ ಶಟರ್ ಸಾಮಾನ್ಯವಾಗಿ ಅರ್ಧ ಕಾಲ ತೆರೆದಿರುತ್ತದೆ, ಅರ್ಧ ಕಾಲ ಮುಚ್ಚಿರುತ್ತದೆ. 24 ಚಿತ್ರದ ವೇಗದಲ್ಲಿ ಒಂದೊಂದು ಚಿತ್ರಕ್ಕೂ ಬೆಳಕು ಬೀಳುವುದು ಸೆಕೆಂಡಿನ 48ರಲ್ಲಿ ಒಂದು ಪಾಲು. ಮಾಮೂಲಿ ಪಾಲ್ ವಿಡಿಯೊ ಕ್ಯಾಮೆರಾ ಒಂದು ಫೀಲ್ಡಿಗೆ ಬೆಳಕು ಕೂಡಿಸಿಕೊಳ್ಳುವುದು ಸೆಕೆಂಡಿನ 50ರಲ್ಲಿ ಒಂದು ಪಾಲು. ಎರಡೂ ಹೆಚ್ಚುಕಡಿಮೆ ಒಂದೇ. 50 ಚಿತ್ರಗಳಲ್ಲಿ ಒಂದು ಬಿಟ್ಟು ಒಂದನ್ನು ತೆಗೆದರೆ ಉಳಿದ 25ರಲ್ಲಿ ಸಿನಿಮಾದಲ್ಲಿರುವಷ್ಟೇ ಚಲನೆಯ ಮಸುಕು, ಅಷ್ಟೇ ಅಂತರದ ಜಿಗಿತ. ಕಲಸುವ ವಿಧಾನದಲ್ಲಿ ಈ ಗುಣ ಬರುವುದಿಲ್ಲ. ಅಲ್ಲಿ ಶಟರ್ ಮುಚ್ಚಿದ ಕಾಲವೇ ಇರುವುದಿಲ್ಲ, ಎಲ್ಲವೂ ಉದ್ದುದ್ದ ಎಳೆದಂತಾಗುತ್ತದೆ.

ಆಮೇಲೆ 25 ಚಿತ್ರಗಳನ್ನು 24ರ ವೇಗದಲ್ಲಿ ಓಡಿಸಿದರೆ ಮುಗಿಯಿತು. ಒಂದು ಗಂಟೆಯ ವಿಡಿಯೊ 62 ನಿಮಿಷ 30 ಸೆಕೆಂಡ್ ಆಗುತ್ತದೆ. ಧ್ವನಿಯನ್ನೂ ಸುಮ್ಮನೆ ನಿಧಾನಿಸಿದರೆ ನಾದಸ್ವರದ ಶ್ರುತಿ, ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ಅಂತರದಲ್ಲಿ ಹತ್ತಕ್ಕೆ ಏಳು ಪಾಲಿನಷ್ಟು ಕೆಳಗಿಳಿಯುತ್ತದೆ, ಇಳಿಯದಂತೆ ತಿದ್ದಿಕೊಳ್ಳಬೇಕು. 50 ಹರ್ಟ್ಸ್ ದೇಶಗಳ ಟಿವಿಯಲ್ಲಿ ಸಿನಿಮಾ ತೋರಿಸುವಾಗ ನಡೆಯುತ್ತಿದ್ದುದು ಇದರ ತಿರುಗುಮುರುಗು: 24ರ ಚಿತ್ರವನ್ನು 25ರಲ್ಲಿ ಓಡಿಸುತ್ತಿದ್ದರು, 150 ನಿಮಿಷದ ಸಿನಿಮಾ 144 ನಿಮಿಷಕ್ಕೇ ಮುಗಿಯುತ್ತಿತ್ತು.

ಪಾಲ್ ವಿಡಿಯೊ ಸಿನಿಮಾ ಆದದ್ದಕ್ಕೆ ಒಂದು ಉದಾಹರಣೆ: 2002ರಲ್ಲಿ ಬಂದ ಡ್ಯಾನಿ ಬಾಯ್ಲ್ ಅವರ '28 ಡೇಸ್ ಲೇಟರ್' ಚಿತ್ರದ ಬಹುಭಾಗವನ್ನು ಛಾಯಾಗ್ರಾಹಕ ಆಂಟನಿ ಡಾಡ್ ಮ್ಯಾಂಟಲ್ ಕ್ಯಾನನ್ ಎಕ್ಸ್‌ಎಲ್1 ಎಂಬ ಪಾಲ್ ವಿಡಿಯೊ ಕ್ಯಾಮೆರಾದಲ್ಲಿ ತೆಗೆದು, 35 ಎಂಎಂ ಫಿಲ್ಮಿಗೆ ಏರಿಸಿದರು. ನಿರ್ಜನ ಲಂಡನ್ನಿನ ದೃಶ್ಯಗಳಿಗಾಗಿ ಬೆಳಗಿನ ಜಾವ ಕೆಲವೇ ನಿಮಿಷ ರಸ್ತೆ ತಡೆಯಲು ಸಾಧ್ಯವಿತ್ತು. ಹಗುರ ಕ್ಯಾಮೆರಾಗಳನ್ನು ಥಟ್ಟನೆ ಹೂಡಿ ತೆಗೆಯಬಹುದಿತ್ತು. ಅಂಥ ಕ್ಯಾಮೆರಾದ ಚಿತ್ರವೂ ಚಿತ್ರಮಂದಿರದ ಪರದೆಯಲ್ಲಿ ನಿಲ್ಲಬಲ್ಲದು ಎಂದು ಆ ಚಿತ್ರ ತೋರಿಸಿಕೊಟ್ಟಿತು.

ಅಮೆರಿಕ, ಜಪಾನಿನ 60 ಫೀಲ್ಡಿನ ವಿಡಿಯೊಗೆ ಈ ಸುಖವಿಲ್ಲ. ಅಲ್ಲಿ ಎರಡು ಬಗೆಯ ಟೇಪುಗಳನ್ನು ಬೇರೆ ಮಾಡಿ ನೋಡಬೇಕು. ಸಿನಿಮಾವನ್ನೇ ಟಿವಿಗೆ ಇಳಿಸಿದ್ದಾದರೆ, ಒಂದು ಚಿತ್ರವನ್ನು 2 ಫೀಲ್ಡಿಗೆ, ಮುಂದಿನದನ್ನು 3 ಫೀಲ್ಡಿಗೆ ಎಂಬಂತೆ ಹಂಚಿರುತ್ತಾರೆ. 4 ಚಿತ್ರಕ್ಕೆ 10 ಫೀಲ್ಡ್. ಹೆಚ್ಚುವರಿ ಫೀಲ್ಡುಗಳನ್ನು ಪತ್ತೆಹಚ್ಚಿ ತೆಗೆದರೆ ಮೂಲದ 24 ಚಿತ್ರ ಗೆರೆಗೆ ಗೆರೆ ವಾಪಸು ಸಿಗುತ್ತವೆ. ಊಹೆ ಏನೂ ಬೇಡ. ವಿಡಿಯೊ ಕ್ಯಾಮೆರಾದಲ್ಲೇ ತೆಗೆದದ್ದಾದರೆ ಮಾತ್ರ ಕಷ್ಟ. 60ನ್ನು 24ರಿಂದ ಭಾಗಿಸಿದರೆ ಎರಡೂವರೆ. ಹತ್ತಿರದ ಕ್ಷಣಗಳನ್ನು ಆರಿಸಿಕೊಂಡರೆ ಚಿತ್ರಗಳ ಅಂತರ ಒಮ್ಮೆ 33 ಮಿಲಿಸೆಕೆಂಡ್, ಒಮ್ಮೆ 50. ನೇರ ನಡೆಯುವ ಮನುಷ್ಯನೂ ಕುಂಟಿದಂತೆ ಕಾಣುತ್ತಾನೆ. ನಡೆ ಸಮನಾಗಬೇಕಾದರೆ ಎರಡು ಚಿತ್ರಕ್ಕೊಂದನ್ನು ಕಂಪ್ಯೂಟರೇ ಸೃಷ್ಟಿಸಬೇಕು. 2002ರಲ್ಲಿ ಪ್ಯಾನಸೋನಿಕ್‌ನ ಡಿವಿಎಕ್ಸ್100 ಎಂಬ ಸಣ್ಣ ಕ್ಯಾಮೆರಾ 24 ಚಿತ್ರಗಳನ್ನೇ ನೇರ ತೆಗೆಯತೊಡಗಿದಾಗ ಅಮೆರಿಕದ ಸ್ವತಂತ್ರ ಚಿತ್ರ ನಿರ್ಮಾಪಕರು ಅಷ್ಟು ಸಂಭ್ರಮಪಟ್ಟದ್ದು ಇದಕ್ಕಾಗಿಯೇ.

ಚಲನೆಯಲ್ಲೇ ಇರುವ ಅರ್ಥ

ಇಷ್ಟು ಶ್ರಮಪಟ್ಟು ಕ್ಷಣಗಳನ್ನು ಕಡಿಮೆ ಮಾಡುವುದು ಯಾಕೆ? ಕಾರಣ ಅಭ್ಯಾಸದಲ್ಲಿದೆ. ಕತೆ ಹೇಳುವ ಸಿನಿಮಾವನ್ನು ನಾವು 24ರಲ್ಲಿ ನೋಡುತ್ತ ಬಂದೆವು. ವಾರ್ತೆ, ಕ್ರಿಕೆಟ್ಟು, ಸ್ಟುಡಿಯೊ ಧಾರಾವಾಹಿಗಳನ್ನು 50ರಲ್ಲಿ ನೋಡಿದೆವು. 24ರ ನಡೆ ಕಂಡರೆ ಕತೆ ಎಂದೂ 50ರ ನಡೆ ಕಂಡರೆ ಈಗ ಇಲ್ಲೇ ನಡೆಯುತ್ತಿದೆ ಎಂದೂ ಕಣ್ಣು ಓದಿಕೊಳ್ಳುತ್ತದೆ. ಪೀಟರ್ ಜಾಕ್ಸನ್ 2012ರಲ್ಲಿ 'ಹಾಬಿಟ್' ಚಿತ್ರವನ್ನು 48ರಲ್ಲಿ ತೋರಿಸಿದಾಗ ಹಲವು ಪ್ರೇಕ್ಷಕರಿಗೆ ಅದು ಟಿವಿ ಧಾರಾವಾಹಿಯಂತೆ ಕಂಡಿತು. ಹೊಸ ಟಿವಿಗಳು ನಡುವಿನ ಚಿತ್ರಗಳನ್ನು ತಾವೇ ಹುಟ್ಟಿಸಿ ಸಿನಿಮಾವನ್ನು ನುಣುಪು ಮಾಡುತ್ತವೆ. ಆ ಸೌಲಭ್ಯವನ್ನು ಆಫ್ ಮಾಡಿ ಎಂದು ನಟ ಟಾಮ್ ಕ್ರೂಸ್ 2018ರಲ್ಲಿ ಕೇಳಿಕೊಳ್ಳಬೇಕಾಯಿತು.

ಈ ವಿಷಯದಲ್ಲಿ ಬ್ರಿಟನ್ನಿನ ಎರಡು ಅನುಭವಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ವಿಡಿಯೊದಲ್ಲಿ ತೆಗೆದ 'ರೆಡ್ ಡ್ವಾರ್ಫ್' ಎಂಬ ಹಾಸ್ಯ ಧಾರಾವಾಹಿಯ ಮೊದಲ ಮೂರು ಸರಣಿಗಳನ್ನು 1998ರಲ್ಲಿ ಸಿನಿಮಾದಂತೆ ಕಾಣುವಂತೆ ಸಂಸ್ಕರಿಸಿದರು. ಅನೇಕ ಅಭಿಮಾನಿಗಳಿಗೆ ಹಿಡಿಸಲಿಲ್ಲ. ಮುಂದೆ ಡಿವಿಡಿ ಬಂದಾಗ ಮೂಲ ರೂಪವನ್ನೇ ಹಾಕಲಾಯಿತು. ಇನ್ನೊಂದು 1960ರ ದಶಕದ 'ಡಾಕ್ಟರ್ ಹೂ'. ಅದರ ಮೂಲ ವಿಡಿಯೊಟೇಪುಗಳನ್ನು ಬಿಬಿಸಿ ಅಳಿಸಿ ಮರುಬಳಕೆ ಮಾಡಿತ್ತು. ವಿದೇಶಿ ಮಾರಾಟಕ್ಕೆಂದು ಪರದೆಯಿಂದ ಫಿಲ್ಮಿಗೆ ಇಳಿಸಿದ, 25 ಚಿತ್ರಗಳಷ್ಟೇ ಇದ್ದ ಪ್ರತಿಗಳು ಉಳಿದಿದ್ದವು. ವಿಡ್‌ಫೈರ್ ಎಂಬ ವಿಧಾನದಲ್ಲಿ ನಡುವಿನ ಕ್ಷಣಗಳನ್ನು ಲೆಕ್ಕಹಾಕಿ ತುಂಬಿ, ಮತ್ತೆ 50ರ ನಡೆಯನ್ನು ತಂದರು. ಅಂದರೆ ಒಂದು ಕಾಲದಲ್ಲಿ ಕಳೆದುಕೊಂಡ ಕ್ಷಣಗಳನ್ನು ಮುಂದಿನ ಪೀಳಿಗೆ ಅಷ್ಟು ಕಷ್ಟಪಟ್ಟು ಊಹಿಸಿ ತರಬೇಕಾಯಿತು. ಹಾಗೆ ತಂದರೂ ಅದು ಊಹೆಯೇ.

ಮನೆಯ ಕ್ಯಾಸೆಟ್ಟಿಗೆ ಏನು ಮಾಡಬೇಕು

ಕತೆ ಹೇಳುವವರು ತಮ್ಮ ದೃಶ್ಯಕ್ಕೆ 24ರ ನಡೆ ಬೇಕೆಂದರೆ ಅದು ಅವರ ಕಲೆಯ ಆಯ್ಕೆ. ಮದುವೆ, ನಾಮಕರಣ, ಊರಿನ ಯಕ್ಷಗಾನ, ಶಾಲೆಯ ವಾರ್ಷಿಕೋತ್ಸವದ ಟೇಪುಗಳು ದಾಖಲೆಗಳು. ಯಕ್ಷಗಾನದ ಒಂದು ಧೀಂಗಣವನ್ನು ನೆನೆದುಕೊಳ್ಳಿ. ವೇಷಧಾರಿ ತಿರುಗುವ ವೇಗದಲ್ಲಿ 25ಕ್ಕೂ 50ಕ್ಕೂ ಅಜಗಜಾಂತರ. ಮುಂದೆ ಯಾರಾದರೂ ಆ ಹೆಜ್ಜೆ ಕಲಿಯಲು ಕೂತರೆ, ಬಿಸಾಡಿದ ಪ್ರತಿ ಎರಡನೆಯ ಕ್ಷಣವೂ ಅವರಿಗೆ ಬೇಕಾದದ್ದೇ.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಟೇಪನ್ನು ಇಂಟರ್‌ಲೇಸ್ ಆಗಿಯೇ, 576 ಗೆರೆಗಳನ್ನೂ ಉಳಿಸಿಕೊಂಡು, ಎಫ್‌ಎಫ್‌ವಿ1ನಂಥ ನಷ್ಟವಿಲ್ಲದ ಸಂಕೋಚನದಲ್ಲಿ ಇಳಿಸಿ ಭದ್ರವಾಗಿಡಬೇಕು. ಡಿಇಂಟರ್‌ಲೇಸ್ ಮಾಡುವ ಮುಂಚೆ ಚಿತ್ರದ ಎತ್ತರವನ್ನು ಹಿಗ್ಗಿಸುವುದು, ಕುಗ್ಗಿಸುವುದು ಸಲ್ಲದು. ಹಾಗೆ ಮಾಡಿದರೆ ಎರಡು ಫೀಲ್ಡಿನ ಗೆರೆಗಳು ಶಾಶ್ವತವಾಗಿ ಬೆರೆತುಹೋಗುತ್ತವೆ. ಯಾವ ಫೀಲ್ಡ್ ಮೊದಲು ಎಂಬುದನ್ನು ಪರೀಕ್ಷಿಸಬೇಕು. ಡಿವಿ ಎಂಬ ಡಿಜಿಟಲ್ ಟೇಪುಗಳಲ್ಲಿ ಕೆಳಗಿನ ಫೀಲ್ಡ್ ಮೊದಲು ಬರುತ್ತದೆ, ಬೇರೆ ಹಲವು ಕಡೆ ಮೇಲಿನದು. ತಪ್ಪಿದರೆ ಕೈ ಮುಂದೆ ಹೋಗಿ ಹಿಂದೆ ಬಂದು ಮತ್ತೆ ಮುಂದೆ ಹೋಗುತ್ತದೆ. ನೋಡಲು ಹಂಚುವ ಪ್ರತಿಯನ್ನು 50 ಚಿತ್ರಗಳ ಪ್ರೊಗ್ರೆಸಿವ್ ಮಾಡಿ. ಇಂದಿನ ಫೋನುಗಳಲ್ಲೂ ಟಿವಿಗಳಲ್ಲೂ ಅದು ಸಲೀಸಾಗಿ ಓಡುತ್ತದೆ. ಸಿನಿಮಾದಂಥ ಪ್ರತಿ ಬೇಕಿದ್ದರೆ ಅದರಿಂದ ಬೇರೆಯಾಗಿ ತೆಗೆದುಕೊಳ್ಳಿ.

ತಡಮಾಡುವ ಹಾಗಿಲ್ಲ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನಾಯ್ 2016ರಲ್ಲಿ ಅದನ್ನು ನಿಲ್ಲಿಸಿತು. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2012ರಲ್ಲಿ ಹೊರತಂದ ಅಲ್ಟ್ರಾ ಎಚ್‌ಡಿ ಮಾನದಂಡದಲ್ಲಿ ಇಂಟರ್‌ಲೇಸ್‌ಗೆ ಜಾಗವೇ ಇಲ್ಲ. ಓದುವ ಯಂತ್ರಗಳು ಸವೆಯುತ್ತಿವೆ, ಟೇಪಿನ ಕಾಂತೀಯ ಲೇಪವೂ ಕುಗ್ಗುತ್ತಿದೆ. ಗೆರೆ ತುಂಬುವ ವಿಧಾನಗಳಾದರೋ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿವೆ; ಇಂದು ಅಕ್ಷತೆಯ ಮುಂದೆ ಸೋಲುವ ಲೆಕ್ಕಾಚಾರ ನಾಳೆ ಗೆಲ್ಲಬಹುದು. ಆದರೆ ಆ ಸುಧಾರಣೆ ನಮಗೆ ದಕ್ಕಬೇಕಾದರೆ ಎರಡೂ ಫೀಲ್ಡುಗಳು ಬೆರೆಯದೆ, ಬಿಟ್ಟುಹೋಗದೆ ನಮ್ಮಲ್ಲಿ ಉಳಿದಿರಬೇಕು. 24 ಚಿತ್ರಗಳ ಪ್ರತಿಯನ್ನು ಯಾವತ್ತು ಬೇಕಾದರೂ ಮಾಡಿಕೊಳ್ಳಬಹುದು. 50 ಕ್ಷಣಗಳನ್ನು ಕೊಡಬಲ್ಲದ್ದು ಮೂಲ ಟೇಪು ಒಂದೇ.